ಸ್ಕ್ರಿಪ್ಟಲ್ಲಿ ಹೆಣ್ಣು ಪಾತ್ರ ಬರೆಯೋದು ಹೇಗೆ: ಮೊದಲ್ನೇ ಸಿನಿಮಾ ಮಾಡ್ತಿರೋರಿಗೆ

ಸ್ಕ್ರಿಪ್ಟ್ ಬರೆದು "ಒಂದ್ಸಲ ಓದಿ ಹೇಳಿ" ಅಂತ ಸುಮಾರು ಜನ ಕಳಿಸ್ತಾರೆ, ಹೆಚ್ಚಿನವರು ಮೊದಲ್ನೇ ಶಾರ್ಟ್ ಫಿಲಂ ಮಾಡ್ತಿರೋರು, ಓದೋಕೆ ನಂಗೂ ತುಂಬಾ ಇಷ್ಟ. ಓದ್ತಾ ಓದ್ತಾ ಒಂದು ವಿಷ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳತ್ತೆ. ಹೀರೋಗೆ ಸಾಲ ಇದೆ, ಅಪ್ಪನ ಜೊತೆ ಮಾತು ಬಿಟ್ಟಿದಾನೆ, ಯಾವ್ದೋ ಹಳೇ ತಪ್ಪು ಕಾಡ್ತಿದೆ, ಅವನು ಶೂ ಲೇಸ್ ಕಟ್ಟೋ ರೀತಿ ಕೂಡ ಬರೆದಿರ್ತಾರೆ. ಹುಡುಗಿ ಎಂಟ್ರಿ ಆದ ತಕ್ಷಣ "22 ವರ್ಷ, ಸುಂದರ, ಮುಗ್ಧ ನಗು" ಅಂತ ಬರೆದು ಮುಂದಕ್ಕೆ ಹೋಗಿಬಿಡ್ತಾರೆ. ಬರೆದವರು ಕೆಟ್ಟವರಲ್ಲ, ಹೆಣ್ಮಕ್ಕಳ ಬಗ್ಗೆ ಗೌರವ ಇಲ್ದೋರೂ ಅಲ್ಲ, ಆ ಜಾಗಕ್ಕೆ ಬಂದಾಗ ಯೋಚ್ನೆ ನಿಂತುಹೋಗಿರತ್ತೆ ಅಷ್ಟೇ, ಯಾಕಂದ್ರೆ ನಾವೆಲ್ಲ ನೋಡಿ ಬೆಳೆದ ಸಿನಿಮಾಗಳಲ್ಲೂ ಅದೇ ಜಾಗದಲ್ಲಿ ಯೋಚ್ನೆ ನಿಂತಿದೆ. ಹಾಗಾಗಿ ಸ್ಕ್ರಿಪ್ಟ್ ವಾಪಸ್ ಕೊಡುವಾಗ ನಾನು ಏನೇನು ಹೇಳ್ತೀನೋ ಅದನ್ನ ಇಲ್ಲಿ ಒಂದೇ ಕಡೆ ಬರೀತಿದೀನಿ, ಪಕ್ಕದಲ್ಲಿ ನಿಮ್ಮ ಸ್ಕ್ರಿಪ್ಟ್ ಇಟ್ಕೊಂಡು ಓದಿ.

ನಾನು ಇದನ್ನ ಕಲ್ತಿದ್ದು ಒಬ್ಬ ನಟಿಯಿಂದ. ನಂದೊಂದು ಸ್ಕ್ರಿಪ್ಟಲ್ಲಿ ಒಂದು ಸೀನ್ ಇತ್ತು, ರಾತ್ರಿ, ಆಸ್ಪತ್ರೆ ಕಾರಿಡಾರ್, ಹೀರೋ ಅಪ್ಪ ಒಳಗೆ ಐಸಿಯುನಲ್ಲಿ, ಇವನು ಹೊರಗೆ ಬೆಂಚ್ ಮೇಲೆ, ನರ್ಸ್ ಬಂದು "ಧೈರ್ಯವಾಗಿರಿ ಸರ್" ಅಂತಾಳೆ, ಹೋಗ್ತಾಳೆ. ಪಾತ್ರದ ಹೆಸರು "ನರ್ಸ್ 1". ರೀಡಿಂಗ್ ದಿನ ಆ ನಟಿ ಪೇಪರ್ ಕೆಳಗಿಟ್ಟು, "ಈ ಕಾರಿಡಾರಿಗೆ ಬರೋಕೆ ಮುಂಚೆ ನಾನು ಏನ್ ಮಾಡ್ತಿದ್ದೆ? ಇವರ ಹತ್ರ ಬಂದಿದ್ದಾದ್ರೂ ಯಾಕೆ?" ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಹೀರೋ ಬೇಜಾರಲ್ಲಿದಾನೆ ಅಂತ ಪ್ರೇಕ್ಷಕರಿಗೆ ತೋರ್ಸೋಕೆ ಅವಳನ್ನ ಕರೆಸಿದ್ದೆ, ಅದು ಬಿಟ್ರೆ ಅವಳು ಬರೋಕೆ ಬೇರೆ ಕಾರಣನೇ ಇರ್ಲಿಲ್ಲ.

ಅವತ್ತು ರಾತ್ರಿ ಕೂತು ಆ ಸೀನ್ ಮತ್ತೆ ಬರೆದೆ. ಅವಳದು ಸತತ ಎರಡನೇ ಶಿಫ್ಟ್, ಮುಗಿಯೋಕೆ ಇನ್ನು 15 ನಿಮಿಷ ಇದೆ, ಕೈಯಲ್ಲಿ ಒಪ್ಪಿಗೆ ಫಾರ್ಮ್ ಇದೆ, ಮನೆಯವರ ಸೈನ್ ಬೇಕು, ಇವಳು ಹೋಗೋದ್ರೊಳಗೆ ಸೈನ್ ಆಗ್ಲಿಲ್ಲ ಅಂದ್ರೆ ಮುಂದಿನ ಶಿಫ್ಟಿನವರು ಬಂದು ಎಲ್ಲ ಮೊದಲಿಂದ ವಿವರ್ಸ್ಬೇಕು, ಒಳಗಿರೋರಿಗೆ ಚಿಕಿತ್ಸೆ ತಡ ಆಗತ್ತೆ. ಅವನು ಫಾರ್ಮ್ ನೋಡ್ತಾನೇ ಇಲ್ಲ. ಅವಳ ಪೆನ್ ಬರೀತಿಲ್ಲ, ಅಂಗೈ ಮೇಲೆ ಗೀಚಿ ನೋಡ್ತಾಳೆ, ಬರಲ್ಲ, ಅವನ ಜೇಬಲ್ಲಿದ್ದ ಪೆನ್ನನ್ನ ಅವಳೇ ತೆಗೆದು ಅವನ ಬೆರಳಿಗೆ ಕೊಟ್ಟು, "ಇಲ್ಲೊಂದು, ಹಿಂದ್ಗಡೆ ಒಂದು" ಅಂತಾಳೆ. ಇಡೀ ಸೀನಲ್ಲಿ ಅವಳ ಮಾತು ಇಷ್ಟೇ. ಸೈನ್ ಆದ್ಮೇಲೆ ಅಭ್ಯಾಸದಿಂದ ಆ ಪೆನ್ನನ್ನ ತನ್ನ ಜೇಬಿಗೆ ಹಾಕ್ಕೊಂಡು ಹೊರಟು ಹೋಗ್ತಾಳೆ. "ಧೈರ್ಯವಾಗಿರಿ" ತೆಗೆದುಹಾಕ್ದೆ. ಸೀನ್ ಅಷ್ಟೇನೂ ಉದ್ದ ಆಗ್ಲಿಲ್ಲ, ಆದ್ರೆ ಈಗ ಆ ಕಾರಿಡಾರಲ್ಲಿ ಇಬ್ಬರು ಮನುಷ್ಯರಿದ್ರು, ಹೀರೋನ ದುಃಖನೂ ಮುಂಚೆಗಿಂತ ಜಾಸ್ತಿ ತಟ್ತು, ಯಾಕಂದ್ರೆ ಪಕ್ಕದಲ್ಲೇ ಒಬ್ಬಳ ಜೀವನ ಎಂದಿನ ಹಾಗೆ ನಡೀತಾ ಇತ್ತು.

ನಾನು ಹೇಳ್ಬೇಕಾಗಿರೋದರ ತಿರುಳು ಇದೇನೇ. ಪ್ರತಿ ಸೀನಲ್ಲೂ ಹೆಣ್ಣು ಪಾತ್ರಕ್ಕೆ ಏನೋ ಒಂದು ಬೇಕಾಗಿರ್ಬೇಕು, ಅದು ಹೀರೋಗೆ ಬೇಕಾಗಿರೋದಕ್ಕಿಂತ ಬೇರೆ ಇರ್ಬೇಕು. ಕೆಳಗೆ ಹೇಳೋದೆಲ್ಲ ಈ ಒಂದು ಮಾತಿಗೆ ಬೇರೆ ಬೇರೆ ದಾರಿಗಳು.

ಮೊದಲು ಎರಡು ಬಣ್ಣದ ಪೆನ್ ತಗೊಳಿ

ಸ್ಕ್ರಿಪ್ಟನ್ನ ಪ್ರಿಂಟ್ ತೆಗೀರಿ, ಮೊಬೈಲಲ್ಲಿ ಮಾಡ್ಬೇಡಿ, ಪೇಪರ್ ಮೇಲೆ ಕಾಣೋದೇ ಬೇರೆ. ಅವಳು ತಾನಾಗಿ ಏನಾದ್ರೂ ಮಾಡೋ ಸಾಲುಗಳಿಗೆಲ್ಲ ಒಂದು ಬಣ್ಣ. ಅವಳಿಗೆ ಬೇರೆಯವರು ಏನೋ ಮಾಡೋ ಸಾಲು, ಅವಳ ಬಗ್ಗೆ ಬೇರೆಯವರು ಮಾತಾಡೋ ಸಾಲು, ಅವಳನ್ನ ನೋಡೋ ಸಾಲು, ಇದಕ್ಕೆಲ್ಲ ಇನ್ನೊಂದು ಬಣ್ಣ. ಅಳೋದು, ನಗೋದು, ನಾಚೋದು, ತಿರುಗಿ ನೋಡೋದು ಇವನ್ನ "ಮಾಡೋ" ಲೆಕ್ಕಕ್ಕೆ ಸೇರಿಸ್ಬೇಡಿ, ಅವು ಪ್ರತಿಕ್ರಿಯೆಗಳು. ಬಾಗಿಲು ಹಾಕೋದು, ಫೋನ್ ಕಟ್ ಮಾಡೋದು, ಸುಳ್ಳು ಹೇಳೋದು, ರಾಜೀನಾಮೆ ಕೊಡೋದು, ವಾಪಸ್ ಹೋಗೋದು, ಇವು ಕ್ರಿಯೆಗಳು. ಮುಗಿದ್ಮೇಲೆ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿ ದೂರ ನಿಂತು ನೋಡಿ, ಯಾವ ಬಣ್ಣ ಜಾಸ್ತಿ ಇದೆ ಅಂತ ಯಾರೂ ನಿಮಗೆ ಹೇಳ್ಬೇಕಾಗಿಲ್ಲ.

ಇದ್ರ ಜೊತೆಗೆ ಇನ್ನೊಂದು ಪರೀಕ್ಷೆ ಇದೆ, ಕಾಮಿಕ್ಸ್ ಬರೆಯೋ ಕೆಲ್ಲಿ ಸ್ಯೂ ಡಿಕಾನಿಕ್ ಹೇಳಿದ್ದು: ಆ ಹೆಣ್ಣು ಪಾತ್ರನ ತೆಗೆದು ಆ ಜಾಗದಲ್ಲಿ ಒಂದು ಚೆಂದದ ದೀಪ ಇಟ್ರೂ ಕಥೆ ಹಾಗೇ ನಡೆಯತ್ತೆ ಅಂದ್ರೆ ಮತ್ತೆ ಬರೀರಿ. ಕೇಳೋಕೆ ಒರಟು ಅನ್ಸತ್ತೆ ಆದ್ರೆ ಮಾಡಿ ನೋಡಿ, ಹೀರೋ ದೀಪಕ್ಕಾಗಿ ಹೊಡೆದಾಡ್ತಾನೆ, ವಿಲನ್ ದೀಪ ಎತ್ಕೊಂಡು ಹೋಗ್ತಾನೆ, ಕೊನೇಲಿ ದೀಪ ಹೀರೋಗೆ ಸಿಗತ್ತೆ, ಎಷ್ಟು ಸ್ಕ್ರಿಪ್ಟ್ ಹಾಗೇ ನಿಂತ್ಕೊಳತ್ತೆ ಅಂದ್ರೆ ಎದೆ ಧಸಕ್ ಅನ್ನತ್ತೆ.

ಪರಿಚಯದ ಸಾಲು

ಅವಳು ಮೊದಲು ಕಾಣಿಸ್ಕೊಳೋ ಸಾಲಲ್ಲಿ ರೂಪ ಬಿಡಿ. ನಟಿ ಯಾರು ಅಂತ ಆಮೇಲೆ ಗೊತ್ತಾಗತ್ತೆ, ಕ್ಯಾಮರಾ ಮುಂದೆ ಅವರು ನಿಂತಾಗ ರೂಪ ತಾನಾಗೇ ಬರತ್ತೆ. ಆ ಸಾಲಲ್ಲಿ ಒಂದು ಕೆಲಸ ಬರೀರಿ. "ಸ್ಕೂಟರ್ ಸ್ಟಾರ್ಟ್ ಆಗ್ತಿಲ್ಲ, ಒದ್ದೂ ಒದ್ದೂ ಸಾಕಾಗಿ ಅದರ ಮೇಲೇ ಕೂತು ಆಫೀಸಿಗೆ ಫೋನ್ ಮಾಡಿ ಜ್ವರ ಅಂತ ಸುಳ್ಳು ಹೇಳ್ತಾಳೆ." ಇಷ್ಟರಲ್ಲಿ ಅವಳ ಸಿಟ್ಟು, ಅವಳ ಕೆಲಸ, ಅವಳ ಸಲೀಸಾದ ಸುಳ್ಳು ಮೂರೂ ಸಿಕ್ತು, ಮುಂದಿನ ಸೀನ್ ಬರೆಯೋಕೂ ನಿಮಗೆ ಒಂದು ಎಳೆ ಸಿಕ್ತು. "ಮುಗ್ಧ ನಗು" ಯಿಂದ ಮುಂದಿನ ಸೀನ್ ಹುಟ್ಟಲ್ಲ.

ಏನು ಬೇಕು, ಏನು ಕಳ್ಕೋತಾಳೆ

"ಅವಳಿಗೆ ಸಂತೋಷ ಬೇಕು", "ಪ್ರೀತಿ ಬೇಕು" ಅಂತ ಬರೆದ್ರೆ ಕ್ಯಾಮರಾಗೆ ಕಾಣಲ್ಲ. ಮುಟ್ಟೋಕೆ ಆಗೋ ಹಾಗಿರೋದು ಬರೀರಿ. ಒಂದು ಸೈನ್, ಒಂದು ಕೀ, ಮೂರು ದಿನದ ರಜ, ತಂಗಿಯಿಂದ ಒಂದು ಕ್ಷಮೆ, ಖಾಲಿ ರೂಮಲ್ಲಿ ಎರಡು ಗಂಟೆ ಒಬ್ಬಳೇ ಕೂರೋದು. ಬೇಕಾಗಿರೋದು ಎಷ್ಟು ಚಿಕ್ಕದಾಗಿದ್ರೂ ಪರವಾಗಿಲ್ಲ, ಅವಳದ್ದಾಗಿದ್ರೆ ಸಾಕು.

ಆಮೇಲೆ ಅವಳು ಒಂದು ನಿರ್ಧಾರ ತಗೋಬೇಕು, ಅದರಿಂದ ಕಥೆ ತಿರುಗ್ಬೇಕು, ಅದಕ್ಕೆ ಅವಳು ಏನಾದ್ರೂ ತೆರಬೇಕು. ಬೆಲೆ ಇಲ್ದಿರೋ ನಿರ್ಧಾರ ನಿರ್ಧಾರ ಅಲ್ಲ. ಸುಮಾರು ಸ್ಕ್ರಿಪ್ಟಲ್ಲಿ ಹುಡುಗಿ ಬಾಯಲ್ಲಿ "ನನ್ನ ಲೈಫ್ ನನ್ನಿಷ್ಟ" ಅಂತ ದೊಡ್ಡ ಡೈಲಾಗ್ ಹೇಳಿಸ್ತಾರೆ, ಚಪ್ಪಾಳೆ ಬೀಳ್ಲಿ ಅಂತ, ಆದ್ರೆ ಅದಾದ್ಮೇಲೆ ಕಥೆಯಲ್ಲಿ ನಡೆಯೋ ಪ್ರತಿಯೊಂದು ತಿರುವೂ ಹೀರೋ ಮಾಡಿದ್ದೇ ಆಗಿರತ್ತೆ. ಡೈಲಾಗ್ ಬೇಡ, ಒಂದೇ ಒಂದು ತಿರುವು ಅವಳ ಕೈಗೆ ಕೊಡಿ, ಸಾಧ್ಯ ಆದ್ರೆ ಅವಳು ತಪ್ಪು ನಿರ್ಧಾರ ತಗೊಳ್ಲಿ.

ಈ ತಪ್ಪು ಮಾಡೋ ಹಕ್ಕಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಈಗ ಎಲ್ರೂ "ಸ್ಟ್ರಾಂಗ್ ಕ್ಯಾರೆಕ್ಟರ್ ಬರೆದಿದೀನಿ" ಅಂತಾರೆ. ತೆಗೆದು ನೋಡಿದ್ರೆ ಅವಳು ಮೊದಲ್ನೇ ಸೀನಲ್ಲಿ ನಾಲ್ಕು ಜನರಿಗೆ ಹೊಡೀತಾಳೆ, ಯಾರಿಗೂ ಹೆದರಲ್ಲ, ಎಲ್ಲ ಗೊತ್ತಿರತ್ತೆ, ಕ್ಲೈಮ್ಯಾಕ್ಸಿಗೆ ಬರೋ ಹೊತ್ತಿಗೆ ಕುರ್ಚಿಗೆ ಕಟ್ಟಿಸ್ಕೊಂಡು ಹೀರೋಗೆ ಕಾಯ್ತಿರ್ತಾಳೆ. ಅದನ್ನ ಬಿಡಿ, ಕಟ್ಟಿಸ್ಕೊಳ್ದೇ ಇದ್ರೂ ಅವಳು ಬರೀ ಪೋಸ್ಟರ್ ಆಗೇ ಉಳೀತಾಳೆ. ಗಂಡು ಪಾತ್ರಗಳಿಗೆ ನಾವು ಹೊಟ್ಟೆಕಿಚ್ಚು, ಹೇಡಿತನ, ಜಿಪುಣತನ, ಸೋಮಾರಿತನ ಎಲ್ಲ ಧಾರಾಳವಾಗಿ ಕೊಡ್ತೀವಿ, ಪ್ರೇಕ್ಷಕರು ಅದಕ್ಕೇ ಅವರನ್ನ ಪ್ರೀತಿಸ್ತಾರೆ. ಅವಳಿಗೂ ಕೊಡಿ. ಗೆಳತಿಯ ಪ್ರಮೋಷನ್ ಸುದ್ದಿ ಕೇಳಿ ಒಂದು ಕ್ಷಣ ಮುಖ ಸಪ್ಪಗಾಗಿ ಆಮೇಲೆ ತಬ್ಬಿಕೊಳ್ಳೋ ಹೆಂಗಸನ್ನ ನಾನು ನಂಬ್ತೀನಿ.

ಇನ್ನೊಂದು ಕಡೆ, ಹೀರೋ ಬದುಕನ್ನ ಸರಿ ಮಾಡೋಕೇ ಹುಟ್ಟಿರೋ ಚೆಲ್ಲು ಹುಡುಗಿ. ಮಳೇಲಿ ಕುಣೀತಾಳೆ, ವಿಚಿತ್ರ ಮಾತಾಡ್ತಾಳೆ, ಬೇಜಾರಲ್ಲಿರೋ ಹುಡುಗನಿಗೆ ನಗೋದು ಕಲಿಸ್ತಾಳೆ, ಅವಳ ಮನೆ ಎಲ್ಲಿ, ಅವಳಿಗೆ ಬೇಜಾರಾದ್ರೆ ಏನ್ ಮಾಡ್ತಾಳೆ ಅಂತ ಗೊತ್ತಿರಲ್ಲ. ವಿಮರ್ಶಕ ನೇಥನ್ ರಾಬಿನ್ 2007ರಲ್ಲಿ ಇಂಥ ಪಾತ್ರಕ್ಕೆ "ಮ್ಯಾನಿಕ್ ಪಿಕ್ಸಿ ಡ್ರೀಮ್ ಗರ್ಲ್" ಅಂತ ಹೆಸರಿಟ್ರು, ಆಮೇಲೆ ಜನ ಸ್ವಲ್ಪ ಚಟಪಟ ಅನ್ನೋ ಪ್ರತಿ ಹುಡುಗಿಗೂ ಆ ಹಣೆಪಟ್ಟಿ ಅಂಟಿಸೋಕೆ ಶುರು ಮಾಡಿದ್ದು ನೋಡಿ 2014ರಲ್ಲಿ ಅವರೇ ಕ್ಷಮೆ ಕೇಳಿದ್ರು. ಚೆಲ್ಲುತನ ತಪ್ಪಲ್ಲ, ಅದನ್ನ ತೆಗೀಬೇಡಿ. ಅವಳು ಒಬ್ಬಳೇ ಇರೋ ಒಂದು ಸೀನ್ ಸೇರಿಸಿ, ಹೀರೋ ನೋಡ್ದೇ ಇರುವಾಗ ಅವಳು ಹೇಗಿರ್ತಾಳೆ ಅಂತ ಬರೀರಿ, ಅದು ಬರೆಯೋಕೆ ಆಗ್ಲಿಲ್ಲ ಅಂದ್ರೆ ಪಾತ್ರ ಇನ್ನೂ ಹುಟ್ಟಿಲ್ಲ ಅಂತ ಅರ್ಥ.

ಅವಳ ಕೈಗಳು

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯ. ಅವಳು ಡಾಕ್ಟರ್, ಟೀಚರ್, ಆರ್ಕಿಟೆಕ್ಟ್ ಅಂತ ಡೈಲಾಗಲ್ಲಿ ಬರತ್ತೆ, ಕೆಲಸ ಮಾಡೋದು ಮಾತ್ರ ಒಂದು ಶಾಟಲ್ಲೂ ಕಾಣಲ್ಲ. ಅವಳ ಕೆಲಸನ ತೋರ್ಸಿ, ಅವಳು ಅದನ್ನ ಚೆನ್ನಾಗಿ ಮಾಡೋದನ್ನ ತೋರ್ಸಿ. ಬಟ್ಟೆ ಹೊಲಿಯೋಳಾದ್ರೆ ಮಾತಾಡ್ತಾ ಮಾತಾಡ್ತಾ ನೋಡ್ದೇ ಸೂಜಿಗೆ ದಾರ ಪೋಣಿಸ್ತಾಳೆ, ಲೆಕ್ಕ ಬರೆಯೋಳಾದ್ರೆ ಕಾಲಂ ಮೇಲೆ ಬೆರಳು ಓಡಿಸಿ ಎಲ್ಲಿ ತಪ್ಪಿದೆ ಅಂತ ಕ್ಯಾಲ್ಕುಲೇಟರಿಗೆ ಮುಂಚೆ ಹಿಡೀತಾಳೆ. ಇದು ಗೊತ್ತಾಗೋಕೆ ನೀವು ಆ ಕೆಲಸ ಮಾಡೋರ ಜೊತೆ ಒಂದು ದಿನ ಕೂರ್ಬೇಕು, ಬೇರೆ ದಾರಿ ಇಲ್ಲ.

ಮನೆಕೆಲಸನೂ ಕೆಲಸಾನೇ. ಬೆಲ್ಜಿಯಂನ ಶಾಂತಾಲ್ ಅಕೆರ್ಮನ್ 1975ರಲ್ಲಿ "ಜಾನ್ ಡಿಲ್ಮನ್" ಅಂತ ಸಿನಿಮಾ ಮಾಡಿದ್ರು, ಮೂರು ಗಂಟೆ ಇಪ್ಪತ್ತು ನಿಮಿಷ, ಮಗನ ಜೊತೆ ಇರೋ ಒಬ್ಬ ವಿಧವೆಯ ಮೂರು ದಿನ. ಅಡುಗೆ ಮಾಡ್ತಾಳೆ, ಹಾಸಿಗೆ ಮಡಚ್ತಾಳೆ, ಆಲೂಗಡ್ಡೆ ಸಿಪ್ಪೆ ತೆಗೀತಾಳೆ, ಕ್ಯಾಮರಾ ಅಲುಗಾಡ್ದೇ ನೋಡತ್ತೆ. ಮೊದಲ ದಿನ ಎಲ್ಲ ಅಚ್ಚುಕಟ್ಟು, ಎರಡನೇ ದಿನ ಆಲೂಗಡ್ಡೆ ಜಾಸ್ತಿ ಬೆಂದುಹೋಗತ್ತೆ, ನೋಡೋರಿಗೆ ಅಷ್ಟಕ್ಕೇ ಹೊಟ್ಟೆಯಲ್ಲಿ ಏನೋ ಆಗತ್ತೆ, ಯಾಕಂದ್ರೆ ಇಷ್ಟು ಹೊತ್ತು ಅವಳ ಕೈಗಳನ್ನ ನೋಡಿ ನೋಡಿ ಅವಳ ಶಿಸ್ತು ನಮ್ಮೊಳಗೂ ಇಳಿದಿರತ್ತೆ. 2022ರಲ್ಲಿ ಸೈಟ್ ಆಂಡ್ ಸೌಂಡ್ ಪತ್ರಿಕೆ ವಿಮರ್ಶಕರನ್ನ ಕೇಳಿ ಮಾಡಿದ ಸಾರ್ವಕಾಲಿಕ ಶ್ರೇಷ್ಠ ಸಿನಿಮಾಗಳ ಪಟ್ಟಿಯಲ್ಲಿ ಇದೇ ಮೊದಲ್ನೇ ಸ್ಥಾನದಲ್ಲಿತ್ತು, ಹೆಂಗಸೊಬ್ಬರು ಡೈರೆಕ್ಟ್ ಮಾಡಿದ ಸಿನಿಮಾ ಆ ಜಾಗಕ್ಕೆ ಬಂದಿದ್ದು ಅದೇ ಮೊದಲು. ನೀವು ಅಷ್ಟುದ್ದ ಮಾಡಿ ಅಂತ ಹೇಳ್ತಿಲ್ಲ, ನಿಮ್ಮ ಹತ್ತು ನಿಮಿಷದ ಫಿಲಂನಲ್ಲಿ ಇಪ್ಪತ್ತು ಸೆಕೆಂಡ್ ಕಟ್ ಮಾಡ್ದೇ ಅವಳ ಕೈ ನೋಡೋಕೆ ಬಿಡಿ.

ಇನ್ನೊಬ್ಬ ಹೆಂಗಸು ಎಲ್ಲಿ?

ಬೆಕ್ಡೆಲ್ ಟೆಸ್ಟ್ ಬಗ್ಗೆ ಕೇಳಿರ್ತೀರ. ಅಲಿಸನ್ ಬೆಕ್ಡೆಲ್ 1985ರಲ್ಲಿ ತಮ್ಮ ಕಾಮಿಕ್ ಸ್ಟ್ರಿಪ್ಪಲ್ಲಿ ಒಂದು ಪಾತ್ರದ ಬಾಯಲ್ಲಿ ಹೇಳಿಸಿದ್ದು, ಐಡಿಯಾ ತನ್ನ ಗೆಳತಿ ಲಿಜ್ ವಾಲೇಸ್‌ದು ಅಂತಾನೂ ಹೇಳಿದಾರೆ. ಸಿನಿಮಾದಲ್ಲಿ ಕನಿಷ್ಠ ಇಬ್ಬರು ಹೆಂಗಸರಿರ್ಬೇಕು, ಅವರು ಒಬ್ಬರಿಗೊಬ್ಬರು ಮಾತಾಡ್ಬೇಕು, ಮಾತು ಗಂಡಸಿನ ಬಗ್ಗೆ ಬಿಟ್ಟು ಬೇರೆ ಏನಾದ್ರೂ ಇರ್ಬೇಕು. ಇದು ಸಿನಿಮಾ ಚೆನ್ನಾಗಿದ್ಯಾ ಇಲ್ವಾ ಅಂತ ಅಳೆಯೋ ಮಾಪಕ ಅಲ್ಲ, ಇಬ್ಬರು ಹೆಂಗಸರು ಚಪ್ಪಲಿ ಬಗ್ಗೆ ಎರಡು ಮಾತಾಡಿದ್ರೂ ಪಾಸ್ ಆಗತ್ತೆ, ಬಾಹ್ಯಾಕಾಶದಲ್ಲಿ ಒಬ್ಬಳೇ ಹೆಂಗಸು ಬದುಕೋಕೆ ಒದ್ದಾಡೋ 2013ರ "ಗ್ರಾವಿಟಿ" ಫೇಲ್ ಆಗತ್ತೆ. ಆದ್ರೆ ನಿಮ್ಮ ಸ್ಕ್ರಿಪ್ಟ್ ಫೇಲ್ ಆದ್ರೆ ಯಾಕೆ ಅಂತ ಒಂದು ಸಲ ಕೇಳ್ಕೊಳಿ, ಉತ್ತರ ಗಟ್ಟಿ ಇದ್ರೆ ಬಿಡಿ, ಇಲ್ದಿದ್ರೆ ಇನ್ನೊಬ್ಬಳನ್ನ ಕರ್ಕೊಂಡು ಬನ್ನಿ.

ಹುಡುಗರ ಗ್ಯಾಂಗಲ್ಲಿ ಒಬ್ಬಳೇ ಹುಡುಗಿ ಇದ್ರಂತೂ ಹುಷಾರು. ಒಬ್ಬ ತುಂಟ, ಒಬ್ಬ ಬುದ್ಧಿವಂತ, ಒಬ್ಬ ಸಿಡುಕ, ಇನ್ನೊಬ್ಬಳು ಹುಡುಗಿ, ಹುಡುಗಿ ಅನ್ನೋದೇ ಅವಳ ಗುಣ. ಲೇಖಕಿ ಕಾಥಾ ಪೊಲಿಟ್ 1991ರಲ್ಲೇ ಇದಕ್ಕೆ ಸ್ಮರ್ಫೆಟ್ ಸೂತ್ರ ಅಂತ ಹೆಸರು ಕೊಟ್ಟಿದ್ರು, ಸ್ಮರ್ಫ್ಸ್ ಕಾರ್ಟೂನಿನ ಗಂಡು ಗುಂಪಲ್ಲಿದ್ದ ಒಬ್ಬಳೇ ಹುಡುಗಿ ಸ್ಮರ್ಫೆಟ್. ಇಬ್ಬರು ಹುಡುಗಿಯರಿದ್ರೆ ತಾನಾಗೇ ಇಬ್ಬರಿಗೂ ಬೇರೆ ಬೇರೆ ಸ್ವಭಾವ ಕೊಡ್ಲೇಬೇಕಾಗತ್ತೆ, ಅದಕ್ಕೇ ಇಬ್ಬರನ್ನ ಇಡಿ ಅನ್ನೋದು.

ಚಿಕ್ಕ ಪಾತ್ರಗಳಿಗೆ ಒಂದು ಸುಲಭದ ಕೆಲಸ ಇದೆ. ನಟಿ ಜೀನಾ ಡೇವಿಸ್, 2004ರಿಂದ ಸಿನಿಮಾ ಟಿವಿಯಲ್ಲಿ ಹೆಣ್ಣು ಪಾತ್ರಗಳನ್ನ ಲೆಕ್ಕ ಹಾಕೋ ಸಂಸ್ಥೆ ನಡೆಸ್ತಿದಾರೆ, ಅವರು ಹೇಳೋದು: ಬರೆದಿರೋ ಸ್ಕ್ರಿಪ್ಟ್ ತಗೊಂಡು ಕೆಲವು ಪಾತ್ರಗಳ ಹೆಸರನ್ನ ಹೆಣ್ಣಿನ ಹೆಸರು ಮಾಡಿ, ಗುಂಪಿನ ಸೀನ್ ಬಂದ್ರೆ "ಗುಂಪು ಸೇರತ್ತೆ, ಅರ್ಧ ಜನ ಹೆಂಗಸರು" ಅಂತ ಬರೀರಿ. ವಕೀಲ, ಡ್ರೈವರ್, ಸಾಕ್ಷಿ ಹೇಳೋರು, ಗೇಟ್ ಕಾಯೋರು, ಡೈಲಾಗ್ ಒಂದಕ್ಷರ ಬದಲಾಯಿಸ್ದೇ ಹೆಸರು ಬದಲಾಯಿಸಿ ನೋಡಿ, ಸೀನಿಗೆ ಹೊಸ ಗಾಳಿ ಬರತ್ತೆ. 1979ರ "ಏಲಿಯನ್" ಸ್ಕ್ರಿಪ್ಟಲ್ಲಿ ಅಂತರಿಕ್ಷ ನೌಕೆಯ ಸಿಬ್ಬಂದಿ ಪಾತ್ರಗಳನ್ನ ಗಂಡಸರೂ ಮಾಡ್ಬಹುದು ಹೆಂಗಸರೂ ಮಾಡ್ಬಹುದು ಅಂತ ಬರೆದಿದ್ರು, ಹಾಗೆ ಸಿಗೋರ್ನಿ ವೀವರ್ ಮಾಡಿದ ರಿಪ್ಲಿ ಪಾತ್ರ ಸಿಕ್ತು. ಆದ್ರೆ ಮುಖ್ಯ ಪಾತ್ರಕ್ಕೆಲ್ಲ ಇದೊಂದೇ ಸಾಕಾಗಲ್ಲ. ರಾತ್ರಿ ಖಾಲಿ ರಸ್ತೇಲಿ ಒಬ್ಬಳೇ ನಡೆಯೋ ಅನುಭವ ಒಬ್ಬನೇ ನಡೆಯೋ ಅನುಭವದ ಹಾಗಿರಲ್ಲ, ಅದನ್ನ ಕೇಳಿ ತಿಳ್ಕೊಂಡೇ ಬರೀಬೇಕು.

ಅಮ್ಮನ ಪಾತ್ರದ ಬಗ್ಗೆ ಒಂದೇ ಮಾತು, ಮಗ ಹುಟ್ಟೋಕೆ ಮುಂಚೆ ಅವರಿಗೂ ಒಂದು ಜೀವನ ಇತ್ತು, ಅದರ ಒಂದು ತುಣುಕು ಸ್ಕ್ರಿಪ್ಟಲ್ಲಿ ಕಾಣ್ಲಿ. ವಯಸ್ಸಿಗೆ ತಕ್ಕ ನಟಿಯನ್ನೇ ಹಾಕಿ. 1959ರ "ನಾರ್ತ್ ಬೈ ನಾರ್ತ್‌ವೆಸ್ಟ್" ಸಿನಿಮಾದಲ್ಲಿ ಹೀರೋ ಕ್ಯಾರಿ ಗ್ರಾಂಟ್ ತಾಯಿ ಪಾತ್ರ ಮಾಡಿದ ಜೆಸ್ಸಿ ರಾಯ್ಸ್ ಲ್ಯಾಂಡಿಸ್, ಗ್ರಾಂಟ್‌ಗಿಂತ ಎಂಟು ವರ್ಷ ಕೂಡ ದೊಡ್ಡವರಾಗಿರ್ಲಿಲ್ಲ, ಈ ಚಾಳಿ ಇನ್ನೂ ಹೋಗಿಲ್ಲ.

ಹಿಂದೆ ಬೀಳೋ ಹೀರೋ, ಸಾಯೋ ಹುಡುಗಿ

ಹೀರೋ ಅವಳ ಹಿಂದೆ ಸುತ್ತೋ ಸೀನ್ ಬರೆದಿದ್ರೆ ಅದನ್ನೇ ಅವಳ ಕಡೆಯಿಂದ ಬರೀರಿ. ಅವನು ಬಸ್ ಸ್ಟಾಪಲ್ಲಿ ನಿಂತಿದಾನೆ. ನಿನ್ನೆನೂ ಇದ್ದ. ಇವತ್ತು ಅವನಿಗೆ ಅವಳ ಹೆಸರು ಗೊತ್ತು, ಹೇಗೆ ಗೊತ್ತಾಯ್ತು ಅಂತ ಅವಳಿಗೆ ಗೊತ್ತಿಲ್ಲ. ಅವಳು ಬ್ಯಾಗನ್ನ ಎದೆಗೆ ಅವಚ್ಕೋತಾಳೆ, ಒಂದು ಸ್ಟಾಪ್ ಮುಂಚೆ ಇಳೀತಾಳೆ, ಅವನೂ ಇಳೀತಾನೆ. ಹಾಡು, ಮ್ಯೂಸಿಕ್ ಯಾವ್ದೂ ಹಾಕ್ಬೇಡಿ. ಓದಿದಾಗ ಹಾರರ್ ಸಿನಿಮಾ ಅನ್ಸಿದ್ರೆ ಅದು ಮೊದಲಿಂದಾನೂ ಹಾರರ್ರೇ ಆಗಿತ್ತು, ಮ್ಯೂಸಿಕ್ ಅದನ್ನ ಮುಚ್ಚಿತ್ತು. ಅವಳು ಬೇಡ ಅಂದ್ಮೇಲೆ ಅದು ಬೇಡ ಅಂತಾನೇ ಉಳೀಬೇಕು, ಲವ್ ಸ್ಟೋರಿ ಬೇಕಂದ್ರೆ ಅವಳಿಗೆ ಅವನು ಇಷ್ಟ ಆಗೋಕೆ ನಿಜವಾದ ಕಾರಣ ಹುಡುಕಿ.

ಹೀರೋಗೆ ಕೋಪ ಬರ್ಸೋಕೆ ಅಂತ ಅವಳನ್ನ ಸಾಯಿಸೋದು, ಅತ್ಯಾಚಾರ ಮಾಡಿಸೋದು, ಇದು ನನಗೆ ತುಂಬಾ ನೋವು ಕೊಡೋ ವಿಷ್ಯ. 1994ರ ಒಂದು ಸೂಪರ್ ಹೀರೋ ಕಾಮಿಕ್ಕಲ್ಲಿ ಹೀರೋ ಮನೆಗೆ ಬಂದ್ರೆ ಅವನ ಗೆಳತಿಯನ್ನ ಕೊಂದು ಫ್ರಿಜ್ಜಲ್ಲಿ ಇಟ್ಟಿರ್ತಾರೆ, ಕಾಮಿಕ್ಸ್ ಲೇಖಕಿ ಗೇಲ್ ಸಿಮೋನ್ 1999ರಲ್ಲಿ ಹೀಗೆ ಸತ್ತ, ಅಂಗ ಕಳ್ಕೊಂಡ, ಶಕ್ತಿ ಕಳ್ಕೊಂಡ ಹೆಣ್ಣು ಪಾತ್ರಗಳ ಉದ್ದ ಪಟ್ಟಿನೇ ಮಾಡಿದ್ರು. ಕಥೆಗೆ ಅತ್ಯಾಚಾರದಂಥ ಘಟನೆ ಬೇಕೇ ಬೇಕು ಅಂದ್ರೆ ಅದಾದ್ಮೇಲೆ ಕ್ಯಾಮರಾನ ಹೀರೋ ಮುಖಕ್ಕೆ ತಿರುಗಿಸ್ಬೇಡಿ, ಅವಳ ಜೊತೆ ಇರಿ, ಮಾರನೇ ದಿನ ಬೆಳಿಗ್ಗೆ ಅವಳು ಎದ್ದು ಹಲ್ಲುಜ್ಜೋ ತನಕ ಇರಿ. ಘಟನೆಯನ್ನ ತೋರಿಸ್ಲೇಬೇಕಾ ಅಂತಾನೂ ಯೋಚ್ನೆ ಮಾಡಿ, ಮುಚ್ಚಿದ ಬಾಗಿಲು ಸಾಕಾಗತ್ತೆ ಎಷ್ಟೋ ಸಲ.

ಶಾಟ್ ಡಿವಿಷನ್ (ಸೀನನ್ನ ಶಾಟ್‌ಗಳಾಗಿ ಒಡೆಯೋದು) ಮಾಡುವಾಗ

ಇಷ್ಟೆಲ್ಲ ಚೆನ್ನಾಗಿ ಬರೆದು ಕ್ಯಾಮರಾದಲ್ಲಿ ಕೆಡಿಸೋರಿದಾರೆ. ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರಲ್ಲಿ ಸ್ಕ್ರೀನ್ ಪತ್ರಿಕೆಯಲ್ಲಿ ಬರೆದ ಲೇಖನ ಈಗ್ಲೂ ಸಿನಿಮಾ ಕ್ಲಾಸುಗಳಲ್ಲಿ ಓದಿಸ್ತಾರೆ, ಮುಖ್ಯವಾಹಿನಿ ಸಿನಿಮಾದಲ್ಲಿ ನೋಡೋನು ಗಂಡು, ನೋಡಿಸ್ಕೊಳೋಳು ಹೆಣ್ಣು, ಕ್ಯಾಮರಾ, ಹೀರೋ, ಪ್ರೇಕ್ಷಕ ಮೂವರ ಕಣ್ಣೂ ಒಂದೇ ಆಗತ್ತೆ ಅನ್ನೋದು ಅವರ ವಾದ. ಇದನ್ನ ಕೆಲಸಕ್ಕೆ ತರೋದು ಹೀಗೆ: ಶಾಟ್ ಲಿಸ್ಟಲ್ಲಿ ಒಂದು ಕಾಲಂ ಜಾಸ್ತಿ ಹಾಕಿ, "ಇದು ಯಾರ ಕಣ್ಣು" ಅಂತ. ಪ್ರತಿ ಶಾಟಿಗೂ ಒಂದು ಪಾತ್ರದ ಹೆಸರು ಬರೀರಿ, ಇಲ್ಲ "ಯಾರದ್ದೂ ಅಲ್ಲ" ಅಂತ ಬರೀರಿ. ಅವಳ ಸೊಂಟದ ಕ್ಲೋಸಪ್ ಇದೆ, ಆ ರೂಮಲ್ಲಿ ಬೇರೆ ಯಾರೂ ಇಲ್ಲ, ಹಾಗಾದ್ರೆ ನೋಡ್ತಿರೋದು ಯಾರು? ನೀವು. ಕಾಲಿಂದ ಶುರು ಮಾಡಿ ಮೇಲಕ್ಕೆ ಹೋಗೋ ಟಿಲ್ಟ್ ತೆಗೆದು ಅವಳ ಕಣ್ಣಿಂದ ಶುರು ಮಾಡಿ, ಆಮೇಲೆ ಅವಳು ನೋಡ್ತಿರೋದನ್ನ ತೋರ್ಸಿ. ಈ ಎರಡು ಶಾಟ್ ಆದ ತಕ್ಷಣ ಪ್ರೇಕ್ಷಕರು ಅವಳೊಳಗೆ ಕೂರ್ತಾರೆ. ಎಡಿಟಿಂಗಲ್ಲೂ ಇದನ್ನೇ ನೋಡಿ, ಇಬ್ಬರ ಮಾತಿನ ಸೀನಲ್ಲಿ ಅವಳು ಮಾತಾಡುವಾಗ ಅವನ ಮುಖಕ್ಕೆ ಕಟ್ ಮಾಡಿದೀರಾ, ಅವನು ಮಾತಾಡುವಾಗ್ಲೂ ಅವನ ಮುಖದಲ್ಲೇ ಇದೀರಾ ಅಂತ. ಇನ್ನು ಆಪ್ತ ದೃಶ್ಯಗಳಲ್ಲಿ ಏನು ಕಾಣತ್ತೆ, ಯಾರು ಎಲ್ಲಿ ಮುಟ್ತಾರೆ, ಸೆಟ್ಟಲ್ಲಿ ಯಾರ್ಯಾರು ಇರ್ತಾರೆ ಅನ್ನೋದೆಲ್ಲ ಶೂಟಿಂಗಿಗೆ ಮುಂಚೆ ಬರವಣಿಗೆಯಲ್ಲಿ ಇರ್ಲಿ, ಸೆಟ್ಟಲ್ಲಿ ಹೊಸದಾಗಿ ಏನನ್ನೂ ಕೇಳ್ಬೇಡಿ.

ಕೊನೇದಾಗಿ ಓದಿಸಿ. ಬೇರೆ ಬೇರೆ ವಯಸ್ಸಿನ ಮೂರ್ನಾಲ್ಕು ಹೆಂಗಸರಿಗೆ, ಸಿನಿಮಾದವರೇ ಆಗ್ಬೇಕು ಅಂತಿಲ್ಲ. "ಚೆನ್ನಾಗಿದ್ಯಾ" ಅಂತ ಕೇಳಿದ್ರೆ ಚೆನ್ನಾಗಿದೆ ಅಂತಾರೆ, ಹಾಗೆ ಕೇಳ್ಬೇಡಿ. "ಎಲ್ಲಿ ಓದ್ತಾ ಓದ್ತಾ ಇವಳು ಹೀಗೆ ಮಾಡಲ್ಲ ಅನ್ನಿಸ್ತೋ ಅಲ್ಲಿ ಒಂದು ಗೆರೆ ಎಳೀರಿ" ಅಂತ ಪೆನ್ಸಿಲ್ ಕೊಡಿ. ಗೆರೆ ಬಿದ್ದ ಕಡೆ ನಿಮ್ಮನ್ನ ನೀವು ಸಮರ್ಥಿಸ್ಕೊಳೋಕೆ ಹೋಗ್ಬೇಡಿ, "ಹಾಗಾದ್ರೆ ಏನ್ ಮಾಡ್ತಾಳೆ?" ಅಂತ ಮಾತ್ರ ಕೇಳಿ, ಕೇಳಿ ಸುಮ್ಮನಿರಿ, ಬರ್ಕೊಳಿ. ಮೂರು ಜನ ಒಂದೇ ಜಾಗದಲ್ಲಿ ಗೆರೆ ಎಳೆದಿದ್ರೆ ಆ ಸೀನನ್ನ ಮೊದಲಿಂದ ಬರೀರಿ, ಅವರು ಹೇಳಿದ್ದು ಡೈಲಾಗಾಗಿ ಸ್ಕ್ರಿಪ್ಟಿಗೆ ಬಂದಿದ್ರೆ ಟೈಟಲ್ ಕಾರ್ಡಲ್ಲಿ ಅವರ ಹೆಸರು ಹಾಕಿ.